ಇಬ್ಬನಿಯಲ್ಲ, ಕಿಡಿ: ಕೊರಿಯಾದ ಕವಿ-ಭಿಕ್ಷು ಮಾನ್ಹೆ

ಸೋಲ್ ನಗರದ ಗ್ಯೆದೋಂಗ್ ಬಡಾವಣೆಯ ಒಂದು ಮನೆಯಿಂದ 1918ರ ಸೆಪ್ಟೆಂಬರಿನಲ್ಲಿ ‘ಯೂಶಿಮ್’ ಎಂಬ ಮಾಸಪತ್ರಿಕೆ ಹೊರಬಂತು. ಮನೆಯೇ ಕಚೇರಿ. ಸಂಪಾದಕರು, ಪ್ರಕಾಶಕರು, ಮುಖ್ಯ ಲೇಖಕರು ಎಲ್ಲವೂ ಒಬ್ಬರೇ, 39 ವರ್ಷದ ಒಬ್ಬ ಬೌದ್ಧ ಭಿಕ್ಷು. ಪತ್ರಿಕೆಯ ಹೆಸರಿಗೆ ‘ಚಿತ್ತಮಾತ್ರ’ ಎಂದರ್ಥ. ಅಸಂಗ, ವಸುಬಂಧುಗಳ ಯೋಗಾಚಾರ ದರ್ಶನದಿಂದ ಚೀನಾ ದಾಟಿ ಕೊರಿಯಾ ತಲುಪಿದ ಮಾತು ಅದು. ಪತ್ರಿಕೆ ಬಾಳಿದ್ದು ಮೂರೇ ಸಂಚಿಕೆ. ಆ ಮೂರರೊಳಗೇ ಭಿಕ್ಷು ಒಂದು ಅನುವಾದವನ್ನು ಕಂತುಗಳಲ್ಲಿ ಪ್ರಕಟಿಸತೊಡಗಿದ್ದರು. ಮೂಲ ಕೃತಿ ರವೀಂದ್ರನಾಥ ಟ್ಯಾಗೋರರ ‘ಸಾಧನಾ’.

ಈ ಆಯ್ಕೆ ಯೋಚಿಸಬೇಕಾದ್ದು. ಆ ಹೊತ್ತಿಗೆ ಟ್ಯಾಗೋರರಿಗೆ ನೊಬೆಲ್ ಬಂದು ಐದು ವರ್ಷವಾಗಿತ್ತು. ಜಪಾನಿನ ಹಿಡಿತಕ್ಕೆ ಸಿಕ್ಕು ಎಂಟು ವರ್ಷವಾಗಿದ್ದ ಕೊರಿಯಾಕ್ಕೆ, ಇನ್ನೊಂದು ಆಳಿಸಿಕೊಂಡ ನಾಡಿನ ಕವಿ ಜಗತ್ತಿನ ಎದುರು ತಲೆಯೆತ್ತಿ ನಿಂತದ್ದೇ ದೊಡ್ಡ ಸಮಾಧಾನ. 1916ರಲ್ಲಿ ಟ್ಯಾಗೋರರು ಜಪಾನಿಗೆ ಬಂದಾಗ ಕೊರಿಯಾದ ಒಬ್ಬ ವಿದ್ಯಾರ್ಥಿ ಯೊಕೊಹಾಮಾದಲ್ಲಿ ಅವರನ್ನು ಕಂಡು ತನ್ನ ನಾಡಿಗಾಗಿ ಕವಿತೆ ಬೇಡಿದ್ದ. ಸೋತವರ ಕುರಿತ ಒಂದು ಕವಿತೆ ಮರುವರ್ಷ ಕೊರಿಯನ್ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಎಲ್ಲರೂ ಕವಿ ಟ್ಯಾಗೋರರನ್ನು ಹುಡುಕುತ್ತಿದ್ದಾಗ ಈ ಭಿಕ್ಷು ಎತ್ತಿಕೊಂಡದ್ದು ಉಪನಿಷತ್ತಿನ ನೆಲೆಯಲ್ಲಿ ನಿಂತು ಮಾಡಿದ ತಾತ್ವಿಕ ಉಪನ್ಯಾಸಗಳನ್ನು. ಆತ್ಮವನ್ನೇ ಒಪ್ಪದ ಬೌದ್ಧನಿಗೆ ಬ್ರಹ್ಮ-ಆತ್ಮಗಳ ಮಾತು ಏಕೆ ಬೇಕಿತ್ತು? ಅವರಿಗೆ ಬೇಕಿದ್ದದ್ದು ಸಿದ್ಧಾಂತವಲ್ಲ ಎಂದು ನನ್ನ ಎಣಿಕೆ. ಹಳೆಯ ಧ್ಯಾನದ ಅರಿವನ್ನು ಇಂದಿನ ಓದುಗನ ಕಿವಿಗೆ ಬೀಳುವ ಹಾಗೆ ಹೇಳುವುದು ಹೇಗೆ ಎಂಬ ಕಸುಬು ಬೇಕಿತ್ತು. ಆ ಕಸುಬಿನ ಹಿಂದೆ ಅವರು ಆಗಲೇ ಹತ್ತು ವರ್ಷ ಅಲೆದಿದ್ದರು.

ಅವರ ಹೆಸರು ಹಾನ್ ಯೋಂಗ್‌ಉನ್. ಕೊರಿಯನ್ನರು ಅವರನ್ನು ಕರೆಯುವುದು ‘ಮಾನ್ಹೆ’ ಎಂಬ ಉಪನಾಮದಿಂದ. ಪಶ್ಚಿಮ ತೀರಕ್ಕೆ ಹತ್ತಿರದ ಚುಂಗ್‌ಚೊಂಗ್ ಪ್ರಾಂತ್ಯದ ಹೋಂಗ್‌ಸಂಗ್‌ನಲ್ಲಿ 1879ರ ಆಗಸ್ಟ್ 29ರಂದು ಹುಟ್ಟಿದರು. ಊರಿನ ಮಠಶಾಲೆಯಲ್ಲಿ ಚೀನೀ ಶಾಸ್ತ್ರಗ್ರಂಥಗಳ ಓದು, ಹದಿಹರೆಯದಲ್ಲೇ ಮದುವೆ. 1894ರಲ್ಲಿ ಆ ಸೀಮೆಯೆಲ್ಲ ತೊಂಗ್ಹಾಕ್ ರೈತ ದಂಗೆಯಲ್ಲಿ ಹೊತ್ತಿ ಉರಿಯಿತು. ಕೆಲವು ವರ್ಷಗಳ ನಂತರ ಈ ಯುವಕ ಮನೆ ಬಿಟ್ಟು ಹೊರಟರು. ಹೆಂಡತಿಯನ್ನೂ ಆಮೇಲೆ ಹುಟ್ಟಿದ ಮಗನನ್ನೂ ಬಿಟ್ಟು. ಜೀವನಚರಿತ್ರೆಗಳು ಇದನ್ನು ಒಂದೆರಡು ಸಾಲಿನಲ್ಲಿ ದಾಟಿಬಿಡುತ್ತವೆ. ವಿರಹದ ಬಗ್ಗೆ ಕೊರಿಯನ್ನಿನಲ್ಲಿ ಅಷ್ಟು ಆಳವಾಗಿ ಬರೆದ ಕವಿ, ಬಿಟ್ಟುಹೋದವರೂ ಆಗಿದ್ದರು ಎಂಬುದನ್ನು ಓದುಗ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

1905ರಲ್ಲಿ ಸೊರಾಕ್ ಪರ್ವತದ ಒಳಗಣ ಬೇಕ್ದಾಮ್‌ಸಾ ವಿಹಾರದಲ್ಲಿ ದೀಕ್ಷೆಯಾಯಿತು. ಆದರೆ ಗವಿ ಸೇರಿ ಕೂರುವ ಜಾಯಮಾನ ಅವರದಲ್ಲ. ಚೀನಾದ ಸುಧಾರಕ ಲಿಯಾಂಗ್ ಚಿಚಾವ್ ಅವರ ಬರಹಗಳನ್ನೂ ಜಗತ್ತಿನ ಭೂಗೋಳದ ಪುಸ್ತಕವನ್ನೂ ಓದಿ, ಪ್ರಪಂಚ ಇಷ್ಟು ದೊಡ್ಡದಿದೆಯೇ ಎಂದು ಬೆರಗಾಗಿ ವ್ಲಾದಿವಾಸ್ತೋಕಿಗೆ ಹೊರಟೇಬಿಟ್ಟರು. ಅಲ್ಲಿನ ವಲಸಿಗ ಕೊರಿಯನ್ನರು ಬೋಳುತಲೆ ನೋಡಿ ಜಪಾನ್ ಪರದ ಸಂಘಟನೆಯವನೆಂದು ತಿಳಿದು ಮುಗಿಸಲು ಬಂದರು; ಹೇಗೋ ಜೀವ ಉಳಿಸಿಕೊಂಡು ಮರಳಿದ್ದಾಯಿತು. 1908ರಲ್ಲಿ ಜಪಾನಿಗೆ ಹೋಗಿ, ಸೋತೋ ಝೆನ್ ಪಂಥದ ಕಾಲೇಜಿನಲ್ಲಿ ಕೆಲ ತಿಂಗಳಿದ್ದು ಬಂದರು. ಬೌದ್ಧಧರ್ಮ ನಗರದಲ್ಲೂ ಶಾಲೆಯಲ್ಲೂ ಅಚ್ಚಿನ ಮನೆಯಲ್ಲೂ ಬದುಕಬಹುದು ಎಂಬುದನ್ನು ಅವರು ಕಂಡದ್ದು ಅಲ್ಲಿ.

ತಾಯ್ನಾಡಿನಲ್ಲಿ ಸ್ಥಿತಿ ಬೇರೆಯೇ ಇತ್ತು. ಐದು ಶತಮಾನ ಆಳಿದ ಜೋಸೊನ್ ರಾಜವಂಶ ಕನ್‌ಫ್ಯೂಷಿಯಸ್ ಮತದ್ದು. ಬೌದ್ಧ ವಿಹಾರಗಳನ್ನು ಬೆಟ್ಟಗಳಿಗೆ ಅಟ್ಟಿ, ಭಿಕ್ಷುಗಳು ರಾಜಧಾನಿಯ ಕೋಟೆಬಾಗಿಲೊಳಗೆ ಕಾಲಿಡದಂತೆ ಮಾಡಿತ್ತು. ಆ ನಿಷೇಧ ತೆರವಾದದ್ದು 1895ರಲ್ಲಿ, ಅದೂ ಜಪಾನಿನ ಬೌದ್ಧ ಪುರೋಹಿತರೊಬ್ಬರ ಮನವಿಯಿಂದ. ಹಾಗಾಗಿ ಅನೇಕ ಕೊರಿಯನ್ ಭಿಕ್ಷುಗಳಿಗೆ ಜಪಾನ್ ಶತ್ರುವಿಗಿಂತ ಬಿಡುಗಡೆ ಕೊಟ್ಟವನಂತೆ ಕಂಡಿತು. ಈ ಹಿನ್ನೆಲೆ ತಿಳಿಯದೆ ಮಾನ್ಹೆ ಬದುಕಿನ ಎರಡು ತುದಿಗಳು ಅರ್ಥವಾಗುವುದಿಲ್ಲ. 1910ರಲ್ಲಿ ಅವರು ಬರೆದು ಮುಗಿಸಿದ, 1913ರಲ್ಲಿ ಅಚ್ಚಾದ ‘ಕೊರಿಯನ್ ಬೌದ್ಧಧರ್ಮದ ಸುಧಾರಣೆ’ ಎಂಬ ಪ್ರಬಂಧ ಇಂದು ಓದಿದರೂ ಚುರುಕಾಗಿದೆ. ವಿಹಾರಗಳು ಬೆಟ್ಟ ಇಳಿದು ಊರಿಗೆ ಬರಲಿ, ಅರ್ಥವರಿಯದೆ ನಾಮ ಜಪಿಸುವ ಮಂದಿರಗಳು ಮುಚ್ಚಲಿ, ಭಿಕ್ಷುಗಳಿಗೆ ಶಾಲೆ ಬರಲಿ, ವಿಹಾರದ ಮುಖ್ಯಸ್ಥರು ಚುನಾವಣೆಯಿಂದ ಬರಲಿ, ಮದುವೆಯಾಗಬಯಸುವ ಭಿಕ್ಷು-ಭಿಕ್ಷುಣಿಯರಿಗೆ ಅಡ್ಡಿ ಬೇಡ ಎಂದೆಲ್ಲ ಅದರಲ್ಲಿ ವಾದಿಸಿದರು.

ಕೊನೆಯ ಬೇಡಿಕೆಯನ್ನು ಬರೆದಿಟ್ಟು ಸುಮ್ಮನಾಗಲಿಲ್ಲ, ಅರ್ಜಿಯಾಗಿ ಸಲ್ಲಿಸಿದರು. ಒಂದು ಅರ್ಜಿ ಹೋದದ್ದು ಜಪಾನಿ ಆಡಳಿತಕ್ಕೆ, 1910ರಲ್ಲೇ. ಆ ವರ್ಷದ ಆಗಸ್ಟ್ 29ರಂದು, ಅಂದರೆ ಅವರ ಹುಟ್ಟುಹಬ್ಬದ ದಿನವೇ, ಕೊರಿಯಾವನ್ನು ಜಪಾನಿಗೆ ಸೇರಿಸಿದ ಒಪ್ಪಂದ ಘೋಷಣೆಯಾಯಿತು. ದೇಶ ನುಂಗಿದವರ ಬಾಗಿಲಿಗೆ ಮದುವೆಯ ಅನುಮತಿ ಕೇಳಿ ಹೋದದ್ದು ಅಭಿಮಾನಿಗಳಿಗೂ ನುಂಗಲಾರದ ತುತ್ತು. ನನಗಿದು ಕಪಟವೆಂದು ಅನಿಸುವುದಿಲ್ಲ. ರಾಜಕೀಯದ ಅಕ್ಷರಾಭ್ಯಾಸ ಇನ್ನೂ ಆಗಬೇಕಿದ್ದ ಸುಧಾರಕನ ಅವಸರವೆಂದು ಅನಿಸುತ್ತದೆ. ಪಾಠ ಬೇಗ ಆಯಿತು. ಕೊರಿಯನ್ ಬೌದ್ಧ ಮುಖಂಡರೊಬ್ಬರು ತಮ್ಮ ಸಂಘವನ್ನು ಜಪಾನಿನ ಸೋತೋ ಪಂಥದೊಳಗೆ ವಿಲೀನ ಮಾಡಲು ಹೊರಟಾಗ, 1911ರಲ್ಲಿ ದಕ್ಷಿಣದ ವಿಹಾರಗಳನ್ನು ಒಗ್ಗೂಡಿಸಿ ಎದುರು ನಿಂತವರಲ್ಲಿ ಇದೇ ಮಾನ್ಹೆ ಮುಂದಿದ್ದರು. ಅದೇ ವರ್ಷ ವಸಾಹತು ಸರ್ಕಾರ ವಿಹಾರ ಕಾಯ್ದೆ ತಂದು ಎಲ್ಲ ಮುಖ್ಯ ವಿಹಾರಗಳನ್ನು ಗವರ್ನರ್ ಜನರಲ್ ಕೈಕೆಳಗೆ ಇರಿಸಿತು.

ಆ ಹೊತ್ತಿಗೆ ಮಂಚೂರಿಯಾಕ್ಕೆ ಹೋದ ಮಾನ್ಹೆ ಅವರಿಗೆ ಗುಂಡೇಟು ಬಿತ್ತು. ಹೊಡೆದವರು ಸ್ವಾತಂತ್ರ್ಯ ಹೋರಾಟದ ಕೊರಿಯನ್ ಯುವಕರೇ, ಗೂಢಚಾರನೆಂದು ಭಾವಿಸಿದ್ದರು. ಪ್ರಜ್ಞೆ ತಪ್ಪುವ ಗಳಿಗೆಯಲ್ಲಿ ಅವಲೋಕಿತೇಶ್ವರ ಸ್ತ್ರೀರೂಪದಲ್ಲಿ ಎದುರು ನಿಂತಂತಾಯಿತು ಎಂದು ಮುಂದೆ ಅವರೇ ಬರೆದಿದ್ದಾರೆ. ಅರಿವಳಿಕೆ ಇಲ್ಲದೆ ಶಸ್ತ್ರಚಿಕಿತ್ಸೆ ನಡೆಯಿತು. ಬದುಕಿನ ಕೊನೆಯವರೆಗೂ ಅವರ ತಲೆ ಸಣ್ಣಗೆ ಅದುರುತ್ತಿತ್ತು. ಎರಡು ಸಲವೂ ಅವರನ್ನು ಕೊಲ್ಲಬಂದದ್ದು ಯಾರ ಬಿಡುಗಡೆಗಾಗಿ ಅವರು ಹೋರಾಡಿದರೋ ಆ ಜನವೇ.

ಬದುಕುಳಿದ ಮೇಲೆ ಕೈಗೆತ್ತಿಕೊಂಡದ್ದು ದೊಡ್ಡ ಕೆಲಸ. ತೊಂಗ್ದೊಸಾ ವಿಹಾರದಲ್ಲಿ ಕುಳಿತು ಚೀನೀ ಭಾಷೆಯ ತ್ರಿಪಿಟಕವನ್ನು ಸಂಪುಟದ ಮೇಲೆ ಸಂಪುಟ ಓದಿದರು. ಕೊರಿಯಾದ ತ್ರಿಪಿಟಕವೆಂದರೆ ಸುಮಾರು 1,500 ಗ್ರಂಥಗಳು. ಅವುಗಳ ಮರದ ಅಚ್ಚುಗಳೇ 80 ಸಾವಿರ ದಾಟುತ್ತವೆ. ಆ ರಾಶಿಯಿಂದ ಸಾಮಾನ್ಯ ಗೃಹಸ್ಥನಿಗೆ ಬೇಕಾದ ಮಾತುಗಳನ್ನು ಆಯ್ದು, ವಿಷಯವಾರು ಜೋಡಿಸಿ, ಕೊರಿಯನ್ನಿಗೆ ತಿರುಗಿಸಿ 1914ರಲ್ಲಿ ‘ಬೌದ್ಧ ಮಹಾಗ್ರಂಥ’ವಾಗಿ ಪ್ರಕಟಿಸಿದರು. 1917ರಲ್ಲಿ ಚೀನಾದ ಮಿಂಗ್ ಕಾಲದ ವಿವೇಕಸಂಗ್ರಹ ‘ತ್ಸಾಯ್‌ಗೆನ್‌ತಾನ್’ನ ಆಯ್ದ ಭಾಗಗಳ ಅನುವಾದ-ವ್ಯಾಖ್ಯಾನ ಬಂತು. ಮರುವರ್ಷ ಟ್ಯಾಗೋರ್. ಇವೆಲ್ಲ ಇನ್ನೂ ಮಿಶ್ರ ಲಿಪಿಯ ಬರಹ: ನಾಮಪದಗಳೆಲ್ಲ ಚೀನೀ ಅಕ್ಷರ, ಪ್ರತ್ಯಯಗಳಷ್ಟೇ ಕೊರಿಯನ್ನಿನ ಸ್ವಂತ ಲಿಪಿ ಹಂಗುಲ್. ಪಂಡಿತರಿಗೆ ಇದು ಸಲೀಸು, ಹೊಲದಲ್ಲಿ ದುಡಿಯುವವನಿಗೂ ಅಡುಗೆಮನೆಯ ಹೆಣ್ಣಿಗೂ ಅರ್ಧಕ್ಕರ್ಧ ಮುಚ್ಚಿದ ಬಾಗಿಲು. ಮಾನ್ಹೆ ಆ ಬಾಗಿಲನ್ನು ಒಂದೇ ಏಟಿಗೆ ತೆರೆಯಲಿಲ್ಲ. ಹತ್ತು ಹನ್ನೆರಡು ವರ್ಷ ಶಾಸ್ತ್ರವಾಕ್ಯಗಳನ್ನು ಆಡುಮಾತಿನ ಹತ್ತಿರ ಹತ್ತಿರ ತರುತ್ತ ಬಂದರು. ಅವರ ಕವಿತೆಯ ಭಾಷೆ ದೊರೆತದ್ದು ಸ್ಫೂರ್ತಿಯಿಂದಲ್ಲ, ಈ ಅನುವಾದಗಳ ದುಡಿಮೆಯಿಂದ ಎಂದೇ ನನಗನ್ನಿಸುತ್ತದೆ.

ಧ್ಯಾನದ ಫಲವೂ ಈ ನಡುವೆಯೇ ಒದಗಿತು. 1917ರ ಡಿಸೆಂಬರಿನ ಒಂದು ರಾತ್ರಿ, ಬೇಕ್ದಾಮ್‌ಸಾದಿಂದಲೂ ಮೇಲಿರುವ ಓಸೆಅಮ್ ಎಂಬ ಕುಟೀರದಲ್ಲಿ ಕುಳಿತಿದ್ದಾಗ, ಗಾಳಿಗೆ ಏನೋ ಬಿದ್ದ ಸದ್ದು ಕೇಳಿ ಸಂಶಯಗಳೆಲ್ಲ ಕಳಚಿದವು ಎಂದು ಅವರ ಬೋಧೆಯ ಪದ್ಯದ ಟಿಪ್ಪಣಿ ಹೇಳುತ್ತದೆ. ಆ ಬೋಧೆಯಾಗಿ ಹದಿನೈದು ತಿಂಗಳಿಗೆ ಅವರು ಜೈಲಿನಲ್ಲಿದ್ದರು.

1919ರ ಮಾರ್ಚ್ 1. ಕೊರಿಯಾದ ಸ್ವಾತಂತ್ರ್ಯ ಘೋಷಣೆಗೆ ಸಹಿ ಮಾಡಿದವರು 33 ಮಂದಿ: 16 ಕ್ರೈಸ್ತರು, 15 ಚೊಂದೊಗ್ಯೊ ಪಂಥದವರು, ಬೌದ್ಧರು ಇಬ್ಬರೇ, ಮಾನ್ಹೆ ಮತ್ತು ಬೇಕ್ ಯೋಂಗ್‌ಸಂಗ್. ಘೋಷಣೆಯನ್ನು ಬರೆದ ಚ್ವೆ ನಮ್‌ಸೊನ್ ಆ ಕಾಲದ ದೊಡ್ಡ ವಿದ್ವಾಂಸರು, ಆದರೆ ಸಹಿ ಹಾಕಲಿಲ್ಲ. ಸೋಲ್‌ನ ತೇಹ್ವಾಗ್ವಾನ್ ಎಂಬ ಹೋಟೆಲಿನಲ್ಲಿ ನಾಯಕರು ಸೇರಿದಾಗ ಚಿಕ್ಕ ಭಾಷಣ ಮಾಡಿ ಜಯಘೋಷಕ್ಕೆ ದನಿ ಕೊಟ್ಟವರು ಮಾನ್ಹೆ. ಅಲ್ಲಿಂದಲೇ ಪೊಲೀಸರು ಕರೆದೊಯ್ದರು. ವಕೀಲರನ್ನು ಇಡುವುದಿಲ್ಲ, ಹೊರಗಿನ ಊಟ ತರಿಸುವುದಿಲ್ಲ, ಜಾಮೀನು ಕೇಳುವುದಿಲ್ಲ ಎಂಬ ಮೂರು ನಿಯಮಗಳನ್ನು ತಮಗೆ ತಾವೇ ಹಾಕಿಕೊಂಡರು. ಕೊರಿಯಾ ಏಕೆ ಸ್ವತಂತ್ರವಾಗಬೇಕು ಎಂದು ಸೆರೆಯಲ್ಲಿ ಬರೆದ ದೀರ್ಘ ನಿವೇದನೆ ಗುಟ್ಟಾಗಿ ಗೋಡೆ ದಾಟಿ, ಅದೇ ನವೆಂಬರಿನಲ್ಲಿ ಶಾಂಘೈನ ದೇಶಭ್ರಷ್ಟ ಕೊರಿಯನ್ನರ ಪತ್ರಿಕೆಯಲ್ಲಿ ಅಚ್ಚಾಯಿತು. ಮೂರು ವರ್ಷದ ಶಿಕ್ಷೆಯಾಗಿ, 1921ರ ಡಿಸೆಂಬರಿನಲ್ಲಿ ಹೊರಬಂದರು.

ನಾಲ್ಕು ವರ್ಷ ಬಿಟ್ಟು ಅವರು ಮತ್ತೆ ಸೊರಾಕ್ ಬೆಟ್ಟಕ್ಕೆ ಹೋದರು. 1925ರ ಆ ಬೇಸಿಗೆಯಲ್ಲಿ ಎರಡು ಪುಸ್ತಕಗಳು ಒಂದರ ಹಿಂದೊಂದು ಮುಗಿದವು. ಮೊದಲನೆಯದು ಚೀನಾದ ಧ್ಯಾನಪಂಥದ ಹತ್ತು ಗಹನ ಪದ್ಯಗಳಿಗೆ ವ್ಯಾಖ್ಯಾನ. ಹದಿನೈದನೆಯ ಶತಮಾನದ ಕೊರಿಯನ್ ಲೇಖಕ ಕಿಮ್ ಶಿಸಪ್ ಆಗಲೇ ಟೀಕೆ ಬರೆದಿದ್ದ ಪದ್ಯಗಳವು. ಎರಡನೆಯದು ಪ್ರೇಮಕವಿತೆಗಳ ಸಂಕಲನ ‘ನಿಮುಯಿ ಚಿಮ್ಮುಕ್’, ‘ನಿಮ್‌ನ ಮೌನ’. ಒಂದು ಶಾಸ್ತ್ರಭಾಷೆಯಲ್ಲಿ, ಇನ್ನೊಂದು ತನ್ನೂರಿನ ಸೊಗಡುಳ್ಳ ಆಡುಮಾತಿನಲ್ಲಿ. ಇರುವುದು ಇಲ್ಲದರೊಳಗೆ, ಬರುವುದು ಹೋಗುವುದರೊಳಗೆ ಎಂಬ ಧ್ಯಾನಪಂಥದ ಒಗಟನ್ನು ಜೂನ್ ತನಕ ವ್ಯಾಖ್ಯಾನಿಸುತ್ತಿದ್ದ ಕೈ, ಆಗಸ್ಟಿನಲ್ಲಿ ಅದೇ ಒಗಟನ್ನು ಬಿಟ್ಟುಹೋದ ಪ್ರಿಯನ ಕಥೆಯಾಗಿ ಬರೆಯಿತು. ಸಂಕಲನದ ಕೊನೆಯ ಪುಟದಲ್ಲಿರುವ ತಾರೀಕು ಆಗಸ್ಟ್ 29ರ ರಾತ್ರಿ.

‘ನಿಮ್’ ಅಂದರೆ ಪ್ರಿಯ, ಒಡೆಯ, ಆರಾಧ್ಯ, ಎಲ್ಲವೂ ಹೌದು. ಗಂಡೋ ಹೆಣ್ಣೋ ಎಂಬ ಗುರುತು ಅದರಲ್ಲಿಲ್ಲ. ಮಾನ್ಹೆ ತಮ್ಮ ಮುನ್ನುಡಿಯಲ್ಲಿ ಕಾಂಟ್‌ಗೆ ತತ್ವಶಾಸ್ತ್ರವನ್ನು, ಮ್ಯಾಜಿನಿಗೆ ಇಟಲಿಯನ್ನು ‘ನಿಮ್’ ಆಗಿ ತೋರಿಸುತ್ತಾರೆ. ಸುಳಿವು ಸಾಕಷ್ಟಾಯಿತು. 88 ಕವಿತೆಗಳು ಒಂದೇ ವಿರಹದ ಸುತ್ತ ತಿರುಗುತ್ತವೆ: ‘ನಿಮ್’ ಹೋಗಿಯಾಯಿತು, ಆದರೆ ನಾನು ಕಳಿಸಿಕೊಟ್ಟಿಲ್ಲ ಎಂಬ ಹಟ. ಮಾತಾಡುವವಳು ಹೆಚ್ಚಿನ ಕಡೆ ಹೆಣ್ಣು. ಇದು ಕೊರಿಯಾಕ್ಕೆ ಹೊಸದೇನಲ್ಲ. ಹದಿನಾರನೆಯ ಶತಮಾನದ ಮಂತ್ರಿ ಜಂಗ್ ಚೊಲ್ ರಾಜನ ಅವಕೃಪೆಗೆ ಸಿಕ್ಕು ಊರು ಸೇರಿದಾಗ, ನಲ್ಲನನ್ನು ನೆನೆಯುವ ಹೆಣ್ಣಿನ ದನಿಯಲ್ಲೇ ರಾಜನಿಗಾಗಿ ಹಾಡು ಕಟ್ಟಿದ್ದ. ಅಲ್ಲಿ ಹೆಣ್ಣುದನಿ ಒಂದು ವೇಷ. ಒಳಗಿರುವುದು ಆಸ್ಥಾನಕ್ಕೆ ಮರಳುವ ಆಸೆ. ಮಾನ್ಹೆಯ ಹೆಣ್ಣು ವಾದಿಸುತ್ತಾಳೆ, ಮುನಿಯುತ್ತಾಳೆ, ಎಲ್ಲರೂ ಸ್ವಾತಂತ್ರ್ಯ ಬಯಸುವಾಗ ತನಗೆ ಅಧೀನತೆಯೇ ಇಷ್ಟವೆಂದು ಕೆಣಕಿ, ಆ ಅಧೀನತೆ ಒಬ್ಬ ‘ನಿಮ್’ಗೆ ಮಾತ್ರ, ಬೇರೆಯವರಿಗಲ್ಲ ಎಂದು ತಿರುವು ಕೊಡುತ್ತಾಳೆ. ವಸಾಹತು ಪೊಲೀಸರ ಕಾಲದಲ್ಲಿ ಈ ತಿರುವು ಓದುಗರಿಗೆ ಎಲ್ಲಿ ತಾಕಿತೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನೂ ನೇರವಾದ ಕವಿತೆಯೊಂದಿದೆ. 1593ರಲ್ಲಿ ಜಪಾನಿ ಸೈನ್ಯ ಜಿಂಜು ಕೋಟೆಯನ್ನು ಹಿಡಿದಾಗ, ನೊನ್‌ಗೇ ಎಂಬ ಗಣಿಕೆ ಜಪಾನಿ ದಂಡನಾಯಕನೊಬ್ಬನನ್ನು ತಬ್ಬಿ ಹಿಡಿದು ಬಂಡೆಯಿಂದ ನದಿಗೆ ಹಾರಿದಳೆಂಬುದು ಕೊರಿಯಾದ ಮನೆಮಾತು. ಮಾನ್ಹೆ ಅವಳ ಪ್ರಿಯಕರನ ಸ್ಥಾನದಲ್ಲಿ ನಿಂತು ಅವಳ ಗುಡಿಯೆದುರು ಮಾತಾಡುತ್ತಾರೆ. ಇಂಥ ಕವಿತೆ 1926ರ ಮೇ ತಿಂಗಳಲ್ಲಿ ಸೋಲ್‌ನ ಪ್ರಕಾಶಕರೊಬ್ಬರ ಮೂಲಕ ಸಲೀಸಾಗಿ ಅಚ್ಚಾದದ್ದು ಪ್ರೇಮದ ಭಾಷೆಯ ಪುಣ್ಯ. ಆಗಿನ ಕೊರಿಯನ್ ಸಾಹಿತ್ಯದ ಗುಂಪುಗಳಿಗೆ ಈ ಕವಿ ಸೇರಿದವರೂ ಆಗಿರಲಿಲ್ಲ. ಕಿಮ್ ಸೊವೊಲ್ ಅವರ ಪ್ರಸಿದ್ಧ ಸಂಕಲನ ಹೊರಬಂದು ಕೆಲವೇ ತಿಂಗಳಾಗಿತ್ತು. ಅದರ ಜಾನಪದ ಲಯದ ಕಿರುಸಾಲುಗಳಿಗೂ ಮಾನ್ಹೆಯ ಉದ್ದುದ್ದ, ಪ್ರಾಸವಿಲ್ಲದ, ಎದುರಿಗೆ ಕುಳಿತವರೊಡನೆ ಗೌರವದಿಂದ ಮಾತಾಡುವ ಸಾಲುಗಳಿಗೂ ಸಂಬಂಧವೇ ಇಲ್ಲ. ಈ ಉದ್ದ ಸಾಲು ಎಲ್ಲಿಂದ ಬಂತು?

ಉತ್ತರದ ಒಂದು ತುಂಡು ಮತ್ತೆ ಬಂಗಾಳದಲ್ಲಿದೆ. ಕಿಮ್ ಸೊವೊಲ್ ಅವರ ಗುರು ಕಿಮ್ ಒಕ್ ಎಂಬ ಕವಿ 1923ರಲ್ಲಿ ‘ಗೀತಾಂಜಲಿ’ಯನ್ನೂ 1924ರಲ್ಲಿ ‘ದಿ ಗಾರ್ಡನರ್’ ಅನ್ನೂ ಕೊರಿಯನ್ನಿಗೆ ತಂದಿದ್ದರು. ಟ್ಯಾಗೋರರ ಇಂಗ್ಲಿಷ್ ಗದ್ಯಕವಿತೆ ಕೊರಿಯನ್ ಗದ್ಯಲಯವಾಗಿ ಮಾನ್ಹೆ ಕೈಸೇರಿತು. ಅವರ ಸಂಕಲನದಲ್ಲಿ ಟ್ಯಾಗೋರರನ್ನು ಓದಿದ ಮೇಲೆ ಬರೆದ ಒಂದು ಕವಿತೆಯೇ ಇದೆ. ಅದರ ಶೀರ್ಷಿಕೆಯಲ್ಲಿ ‘ಗಾರ್ಡೆನಿಸ್ತೊ’ ಎಂಬ ಎಸ್ಪೆರಾಂತೊ ಪದ ಬರುತ್ತದೆ. ಕಿಮ್ ಒಕ್ ಆ ಭಾಷೆಯ ದೊಡ್ಡ ಪ್ರಚಾರಕರಾಗಿದ್ದರು. ಬಂಗಾಳಿಯಿಂದ ಇಂಗ್ಲಿಷಿಗೆ, ಅಲ್ಲಿಂದ ಕೊರಿಯನ್ನಿಗೆ, ಮೇಲೆ ಎಸ್ಪೆರಾಂತೊ ಟೊಪ್ಪಿಗೆ. ಕವಿತೆಗಳು ಹೀಗೂ ಊರೂರು ಸುತ್ತುತ್ತವೆ.

ಆದರೆ ಆ ಕವಿತೆ ಭಕ್ತನ ಕಾಣಿಕೆಯಲ್ಲ, ಜಗಳ. ಗೆಳೆಯನೆಂದು ಕರೆದು, ಹಾಡಿನ ಚೆಲುವಿಗೆ ಅತ್ತು, ನಾಚಿ, ನಡುಗಿ, ಆಮೇಲೆ ತಕರಾರು ತೆಗೆಯುತ್ತಾರೆ. ಸಾವಿನ ಎದುರು ಹಾಡು ಎಷ್ಟೇ ಇಂಪಾಗಿರಲಿ, ತನ್ನ ನಾಡಿಗೆ ಅದು ಸಾಲದು. ಸಮಾಧಿಯ ಮೇಲೆ ಹೋರಾಟದ ಗುರುತೂ ಇರಬೇಕು ಎಂಬುದು ಅದರ ತಿರುಳು. ಏಷ್ಯಾದ ಎಷ್ಟೋ ಕವಿಗಳು ಟ್ಯಾಗೋರರನ್ನು ಪೂಜಿಸಿದರು, ಎಷ್ಟೋ ಜನ ತಿರಸ್ಕರಿಸಿದರು. ಅವರಿಂದ ಕಸುಬು ಕಲಿತು, ಆ ಕಸುಬಿನಲ್ಲೇ ಅವರಿಗೆ ಉತ್ತರ ಕೊಟ್ಟವರು ಕಡಿಮೆ. ಇಂದಿಗೂ ಕೊರಿಯಾದಲ್ಲಿ ಟ್ಯಾಗೋರ್ ಎಂದರೆ ಜನ ನೆನೆಯುವುದು 1929ರಲ್ಲಿ ಅವರು ಜಪಾನಿನಲ್ಲಿದ್ದಾಗ ಕೊರಿಯನ್ ದಿನಪತ್ರಿಕೆಯೊಂದಕ್ಕೆ ಬರೆದುಕೊಟ್ಟ, ಪೂರ್ವದ ದೀಪವೆಂದು ಆ ನಾಡನ್ನು ಹರಸಿದ ನಾಲ್ಕು ಸಾಲುಗಳನ್ನು. ಅವರು ಕೊರಿಯಾ ನೆಲದ ಮೇಲೆ ಕಾಲಿಡಲೇ ಇಲ್ಲ. ಆ ಹರಕೆಗಿಂತ ಮಾನ್ಹೆಯ ಜಗಳವೇ ನನಗೆ ಹೆಚ್ಚಿನ ಗೌರವವಾಗಿ ಕಾಣುತ್ತದೆ.

ಮುಂದಿನ ಹದಿನೆಂಟು ವರ್ಷಗಳಲ್ಲಿ ಅವರು ಇನ್ನೊಂದು ಕವನಸಂಕಲನ ತರಲಿಲ್ಲ. ರಾಷ್ಟ್ರೀಯವಾದಿಗಳೂ ಎಡಪಂಥೀಯರೂ ಸೇರಿದ ಶಿಂಗನ್ಹೆ ಸಂಘಟನೆಯ ಸೋಲ್ ಶಾಖೆ, ಯುವ ಬೌದ್ಧರ ಗುಪ್ತ ಸಂಘ, ‘ಬುಲ್‌ಗ್ಯೊ’ ಪತ್ರಿಕೆಯ ಸಂಪಾದಕತ್ವ, ಹೊಟ್ಟೆಪಾಡಿಗೂ ಹೌದೆಂಬಂತೆ ದಿನಪತ್ರಿಕೆಗಳಿಗೆ ಧಾರಾವಾಹಿ ಕಾದಂಬರಿಗಳು. ಕಾದಂಬರಿಗಳು ಸಾಧಾರಣ, ಅಭಿಮಾನದಿಂದಲ್ಲದೆ ಬೇರೆ ಕಾರಣಕ್ಕೆ ಓದಬೇಕಾಗಿಲ್ಲ. 1930ರ ದಶಕದ ಆರಂಭದಲ್ಲಿ ಆನ್‌ಸಿಮ್‌ಸಾ ವಿಹಾರದಲ್ಲಿ ಹಂಗುಲ್ ಲಿಪಿಯ ಬೌದ್ಧಸೂತ್ರಗಳ ಹಳೆಯ ಮರದಚ್ಚುಗಳು ಸಿಕ್ಕಾಗ ಅವನ್ನು ಮುದ್ರಿಸಲು ಓಡಾಡಿದರು. ಸೂತ್ರಗಳು ಜನರ ಲಿಪಿಯಲ್ಲಿರಬೇಕೆಂದು ಬಯಸಿದವರು ತಾವೊಬ್ಬರೇ ಅಲ್ಲ, ಶತಮಾನಗಳ ಹಿಂದೆಯೇ ಯಾರೋ ಮರದಲ್ಲಿ ಕೆತ್ತಿಟ್ಟಿದ್ದರು ಎಂಬ ಸಂತೋಷ ಅವರದು.

1933ರಲ್ಲಿ ಮರುಮದುವೆಯಾಯಿತು. ಸೋಲ್‌ನ ಉತ್ತರದ ಇಳಿಜಾರಿನಲ್ಲಿ, ಸಂಗ್‌ಬುಕ್‌ದೋಂಗ್‌ನಲ್ಲಿ, ‘ಶಿಮುಜಾಂಗ್’ ಎಂಬ ಪುಟ್ಟ ಮನೆ ಎದ್ದಿತು. ಕಳೆದ ಎತ್ತನ್ನು ಹುಡುಕುವವನ ಕಥೆಯಾಗಿ ಧ್ಯಾನಪಂಥ ಹೇಳುವ ಆತ್ಮಶೋಧದಿಂದ ಬಂದ ಹೆಸರು. ಮನೆ ಉತ್ತರಕ್ಕೆ ಮುಖ ಮಾಡಿದೆ. ದಕ್ಷಿಣಕ್ಕೆ ತಿರುಗಿದರೆ ಜಪಾನಿ ಗವರ್ನರ್ ಜನರಲ್ ಕಚೇರಿ ಕಾಣುತ್ತದೆಂದು ಹೀಗೆ ಕಟ್ಟಿಸಿದರಂತೆ. ನಾಡೇ ಸೆರೆಮನೆಯಾಗಿರುವಾಗ ತನಗೆ ಬೆಚ್ಚಗಿನ ನೆಲವೇಕೆ ಎಂದು ಚಳಿಗಾಲದಲ್ಲೂ ಒಲೆ ಹಚ್ಚುತ್ತಿರಲಿಲ್ಲವಂತೆ. ಜಪಾನ್ ಪರ ವಾಲಿದ್ದ ಚ್ವೆ ನಮ್‌ಸೊನ್ ದಾರಿಯಲ್ಲಿ ಸಿಕ್ಕಾಗ, ನನಗೆ ಗೊತ್ತಿದ್ದ ಆ ಮನುಷ್ಯ ಎಂದೋ ಸತ್ತ ಎಂದು ಮುಖ ತಿರುಗಿಸಿದರಂತೆ. ‘ಅಂತೆ’ಗಳು ಇವರ ಸುತ್ತ ಬಹಳ. ದಾಖಲೆಯಿರುವ ಸಂಗತಿಗಳೇ ಇವಕ್ಕಿಂತ ಗಟ್ಟಿ: 1937ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಕಿಮ್ ದೋಂಗ್‌ಸಮ್ ಸೆರೆಯಲ್ಲಿ ಸತ್ತಾಗ, ಹೆಣ ತರಲು ಎಲ್ಲರೂ ಹೆದರಿದ್ದ ಹೊತ್ತಿನಲ್ಲಿ ಮಾನ್ಹೆ ಅದನ್ನು ತಮ್ಮ ಮನೆಗೆ ತಂದು ಅಂತ್ಯಕ್ರಿಯೆ ನಡೆಸಿದರು. ಕೊರಿಯನ್ನರೆಲ್ಲ ಜಪಾನಿ ಹೆಸರಿಟ್ಟುಕೊಳ್ಳಬೇಕೆಂಬ ಒತ್ತಡ 1940ರಲ್ಲಿ ಬಂದಾಗ ಒಪ್ಪಲಿಲ್ಲ. ಜಪಾನಿ ಕುಟುಂಬ ದಾಖಲೆಗೆ ಸೇರಲೊಲ್ಲದ ಕಾರಣ ಮಗಳಿಗೆ ಶಾಲೆಯೂ ಇಲ್ಲವಾಯಿತು. ಅಕ್ಷರವನ್ನು ಮನೆಯಲ್ಲೇ ತಾವೇ ಕಲಿಸಿದರು.

ಅನುವಾದ ಮಾತ್ರ ನಿಲ್ಲಲಿಲ್ಲ. ಚೀನಾದ ಮಹಾಕಾದಂಬರಿ ‘ಮೂರು ರಾಜ್ಯಗಳ ಕಥೆ’ಯನ್ನು 1939ರಿಂದ ‘ಚೋಸೊನ್ ಇಲ್ಬೊ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಕೊರಿಯನ್ನಿಗೆ ತಂದರು. 1940ರ ಆಗಸ್ಟಿನಲ್ಲಿ ಸರ್ಕಾರ ಪತ್ರಿಕೆಯನ್ನೇ ಮುಚ್ಚಿಸಿ, ಕಥೆ ನಡುದಾರಿಯಲ್ಲಿ ನಿಂತಿತು. ಇನ್ನೊಂದು ಅಪೂರ್ಣ ಅನುವಾದ ‘ವಿಮಲಕೀರ್ತಿ ನಿರ್ದೇಶ ಸೂತ್ರ’ದ್ದು. ವೈಶಾಲಿಯ ಗೃಹಸ್ಥ ವಿಮಲಕೀರ್ತಿ ಹೆಂಡತಿ ಮಕ್ಕಳೊಡನೆ ಇದ್ದುಕೊಂಡೇ ಬೋಧಿಸತ್ವರಿಗೆ ಪಾಠ ಹೇಳುವಷ್ಟು ಬೆಳೆದವನು. ಅದ್ವಯವೆಂದರೇನೆಂದು ಬೋಧಿಸತ್ವರೆಲ್ಲ ಒಬ್ಬೊಬ್ಬರಾಗಿ ವಿವರಿಸಿದ ಮೇಲೆ, ಅವನ ಸರದಿ ಬಂದಾಗ ಅವನು ಸುಮ್ಮನಿರುತ್ತಾನೆ. ಮಂಜುಶ್ರೀ ಆ ಮೌನವೇ ಸರಿಯುತ್ತರವೆಂದು ಹೊಗಳುತ್ತಾನೆ. ಸಂಸಾರಿಯಾದ ಭಿಕ್ಷು, ಮೌನವನ್ನೇ ಪುಸ್ತಕದ ಹೆಸರಾಗಿ ಇಟ್ಟ ಕವಿ, ಕೊನೆಗಾಲದಲ್ಲಿ ಈ ಸೂತ್ರಕ್ಕೆ ಕೈಹಾಕಿದ್ದು ಆಕಸ್ಮಿಕವಿರಲಾರದು. ವಿಮಲಕೀರ್ತಿಯ ಮೌನ ಬಾಯಿ ಕಟ್ಟಿಸಿಕೊಂಡವನದಲ್ಲ. ಮಾನ್ಹೆ ಕವಿತೆಗಳಲ್ಲಿ ‘ನಿಮ್’ನ ಮೌನವೂ ಹಾಗೆಯೇ.

1944ರ ಜೂನ್ 29ರಂದು ಶಿಮುಜಾಂಗ್‌ನಲ್ಲಿ ತೀರಿಕೊಂಡರು. ಜಪಾನ್ ಸೋತು ಕೊರಿಯಾ ಬಿಡುಗಡೆಯಾಗುವುದಕ್ಕೆ ಇನ್ನು ಹದಿಮೂರೂವರೆ ತಿಂಗಳಿತ್ತು. ಆಮೇಲೆ ಸರ್ಕಾರಿ ಪದಕ, ಸಮಗ್ರ ಕೃತಿಗಳ ಸಂಪುಟಗಳು, ಪಠ್ಯಪುಸ್ತಕಗಳು, ಅವರ ಹೆಸರಿನಲ್ಲಿ ದಲೈ ಲಾಮಾ, ನೆಲ್ಸನ್ ಮಂಡೇಲಾ ಅಂಥವರಿಗೆ ಪ್ರಶಸ್ತಿ. ಚರಿತ್ರೆಯ ಕುಚೋದ್ಯವೂ ತಪ್ಪಲಿಲ್ಲ: ಸರ್ವಾಧಿಕಾರಿ ಚೊನ್ ದುಹ್ವಾನ್ ಅಧಿಕಾರ ಬಿಟ್ಟ ಮೇಲೆ ಜನರ ಸಿಟ್ಟಿನಿಂದ ಮರೆಯಾಗಿ 1988ರಿಂದ ಎರಡು ವರ್ಷ ಅಡಗಿ ಕುಳಿತದ್ದು ಇದೇ ಬೇಕ್ದಾಮ್‌ಸಾದಲ್ಲಿ. ಭಿಕ್ಷುಗಳ ಮದುವೆಯ ಪ್ರಶ್ನೆ ಇನ್ನೂ ದುಬಾರಿಯಾಯಿತು. 1926ರಲ್ಲಿ ಜಪಾನಿ ಆಡಳಿತ ವಿವಾಹಿತರಿಗೂ ವಿಹಾರದ ಮುಖ್ಯಸ್ಥಿಕೆ ತೆರೆದುಕೊಟ್ಟಿತು. ಸ್ವಾತಂತ್ರ್ಯದ ನಂತರ 1954ರಿಂದ ಬ್ರಹ್ಮಚಾರಿ ಮತ್ತು ವಿವಾಹಿತ ಭಿಕ್ಷುಗಳ ನಡುವೆ ವಿಹಾರಗಳಿಗಾಗಿ ಬಡಿದಾಟ ನಡೆದು, 1970ರಲ್ಲಿ ಸಂಘವೇ ಚೋಗ್ಯೆ, ತೇಗೊ ಎಂದು ಎರಡಾಯಿತು. ಸುಧಾರಕ ಮಾನ್ಹೆ ಸೋತರು, ಕವಿ ಮಾನ್ಹೆ ಗೆದ್ದರು ಎಂದೇ ಹೇಳಬೇಕು.

ಓದಬಯಸುವವರಿಗೆ ಫ್ರಾನ್ಸಿಸ್ಕಾ ಚೋ ಅವರ 2005ರ ಇಂಗ್ಲಿಷ್ ಅನುವಾದ ಸಿಗುತ್ತದೆ. ಶೀರ್ಷಿಕೆ ಕವಿತೆಯಿಂದ ಶುರುಮಾಡಬೇಡಿ. ಅದರ ಮೇಲೆ ವ್ಯಾಖ್ಯಾನದ ಧೂಳು ಬಹಳ ಕೂತಿದೆ. ಅಧೀನತೆಯ ಕವಿತೆಯನ್ನು ಮೊದಲು ಓದಿ, ಆಮೇಲೆ ಟ್ಯಾಗೋರರೊಡನೆ ಆಡಿದ ಜಗಳಕ್ಕೆ ಬನ್ನಿ. ಆ ಜಗಳ ಓದುವಾಗ ‘ದಿ ಗಾರ್ಡನರ್’ ಪಕ್ಕದಲ್ಲೇ ಇರಲಿ.